ಮುಂಗಡವೆಂಬ ಸಂಕೋಲೆ



ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಸಿಗುತ್ತದೆ. ಸುತ್ತಲೂ ಮರಗಳ ನೆರಳಿನಲ್ಲಿ ಕಾಫಿ ಗಿಡಗಳು, ಅಲ್ಲಲ್ಲಿ ಒಂದಕ್ಕೊಂದು ಅಂಟಿಕೊಂಡ ಕೂಲಿ ಲೈನಿನ ಮನೆಗಳು. ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ ವಿಮೋಚನಾ ಘೋಷಣೆಯನ್ನು ನೀವು ಪಾಠದಲ್ಲಿ ಓದಿದ್ದೀರಿ. ನಮ್ಮ ಬೆಟ್ಟಗಳಲ್ಲಿ ದುಡಿದವರಿಗೆ ಬಿಡುಗಡೆ ಯಾವಾಗ ಬಂತು ಎಂದು ಎಂದಾದರೂ ಕೇಳಿಕೊಂಡಿದ್ದೀರಾ?

ಮಲೆನಾಡಿನ ದೊಡ್ಡ ಹಿಡುವಳಿಗಳಲ್ಲಿ ಹಿಂದೆ ಎರಡು ಬಗೆಯ ಆಳುಗಳಿದ್ದರು. ಒಡೆಯನ ಮನೆಗೆ ತಲೆತಲಾಂತರದಿಂದ ಸೇರಿದವನು ಹುಟ್ಟಾಳು. ಭೂಮಿಗೆ ಸೇರಿದವನು ಮಣ್ಣಾಳು. ಹೆಸರುಗಳೇ ಎಲ್ಲವನ್ನೂ ಹೇಳುತ್ತವೆ. ಇವರು ಹೆಚ್ಚಾಗಿ ಇಂದು ನಾವು ದಲಿತರೆನ್ನುವ ಸಮುದಾಯದವರು.

1843ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಒಂದು ಕಾಯ್ದೆ ಮಾಡಿತು. ಮನುಷ್ಯನನ್ನು ಆಸ್ತಿಯೆಂದು ನ್ಯಾಯಾಲಯಗಳು ಇನ್ನು ಒಪ್ಪುವಂತಿಲ್ಲ ಎಂಬುದು ಅದರ ತಿರುಳು. ಆದರೆ ಆಳನ್ನು ಇಟ್ಟುಕೊಂಡವನಿಗೆ ಅದು ಶಿಕ್ಷೆ ವಿಧಿಸಲಿಲ್ಲ. ಆಳಿಗೆ ಒಂದು ತುಂಡು ನೆಲವನ್ನೂ ಕೊಡಲಿಲ್ಲ.

ಅದೇ ಕಾಲಕ್ಕೆ ಯುರೋಪಿಯನ್ ದೊರೆಗಳು ಈ ಬೆಟ್ಟಗಳಲ್ಲಿ ಕಾಫಿ ತೋಟ ಹಾಕತೊಡಗಿದ್ದರು. ಕಾಡು ಕಡಿಯಲು, ಹಣ್ಣು ಕೊಯ್ಯಲು ಕೈಗಳು ಬೇಕು. ಮೇಸ್ತ್ರಿ ಘಟ್ಟದ ಕೆಳಗಿನ ಊರುಗಳಿಗೂ ಬಯಲುಸೀಮೆಗೂ ಹೋಗಿ ಮುಂಗಡ ಹಣ ಕೊಟ್ಟು ಜನರನ್ನು ಕರೆತರುತ್ತಿದ್ದ. ಮುಂಗಡ ತೀರುವವರೆಗೆ ಆಳು ತೋಟ ಬಿಡುವಂತಿಲ್ಲ. ಇದಕ್ಕೆ 1859ರ 13ನೇ ಕಾಯ್ದೆಯ ಬಲವೂ ಸಿಕ್ಕಿತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದು. ಅವರ ಆಜ್ಞೆಯಂತೆ ಹಣ ಹಿಂದಿರುಗಿಸದೆ, ಕೆಲಸಕ್ಕೂ ಹೋಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲ ತೀರಿಸದ ವ್ಯಾಪಾರಿಯ ಮೇಲೆ ಸಿವಿಲ್ ದಾವೆ, ಕೂಲಿಯವನಿಗೆ ಮಾತ್ರ ಜೈಲು! ಬ್ರಿಟಿಷ್ ಇಂಡಿಯಾದಲ್ಲಿ ಈ ಕಾಯ್ದೆ ರದ್ದಾದದ್ದು 1925ರಲ್ಲಿ.

ಅಮೆರಿಕದ ಕಡೆ ಒಮ್ಮೆ ನೋಡಿ. ಉತ್ತರ, ದಕ್ಷಿಣ ಎಂದು ಒಡೆದ ದೇಶ ನಾಲ್ಕು ವರ್ಷ ಕಾದಾಡಿತು. 1865ರ ಜನವರಿಯಲ್ಲಿ ಸೇನಾಪತಿ ಷರ್ಮನ್, ಬಿಡುಗಡೆಯಾದ ಕುಟುಂಬಗಳಿಗೆ ಕಡಲ ತೀರದಲ್ಲಿ 40 ಎಕರೆವರೆಗೆ ಭೂಮಿ ಕೊಡಲು ಆಜ್ಞೆ ಮಾಡಿದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದ. ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ನಿಷೇಧಿಸಿತು, ನಿಜ. ಆದರೆ ನೆಲವಿಲ್ಲದವರು ಅದೇ ಹತ್ತಿಯ ಹೊಲಗಳಲ್ಲಿ ಪಾಲಿಗೆ ದುಡಿದು, ಅಂಗಡಿ ಸಾಲದಲ್ಲಿ ಸಿಕ್ಕಿಕೊಂಡರು.

ಈ ನೆಲದ ಹಂಬಲ ನಮಗೂ ಪರಿಚಿತವೇ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದ್ದೀರಲ್ಲವೇ? ಚೋಮನಿಗೆ ಬೇಕಿದ್ದುದು ಬೇಸಾಯಕ್ಕೊಂದಿಷ್ಟು ಭೂಮಿ. ಅವನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಅಪ್ಪನ ಸಾಲ ತೀರಿಸಲು. ಬಿ.ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದ್ದು 1975ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಜೀತ ರದ್ದತಿ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಕಾಯ್ದೆಯಾಯಿತು.

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು 1950ರಲ್ಲೇ ನಿಷೇಧಿಸಿತ್ತು. ಹಾಗಿದ್ದರೆ 1976ರ ಕಾಯ್ದೆಯಲ್ಲಿ ಹೊಸದೇನು? ಜೀತದ ಸಾಲವೆಲ್ಲ ಮನ್ನಾ ಆಯಿತು. ದೇವರಾಜ ಅರಸು ಕಾಲದ ಭೂಸುಧಾರಣೆ ಕಾಫಿ ತೋಟಗಳನ್ನು ಹೊರಗಿಟ್ಟಿದ್ದರಿಂದ ಲೈನಿನವರಿಗೆ ತೋಟದ ನೆಲ ಸಿಗಲಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಈ ಕಾಯ್ದೆಯ 15ನೇ ಕಲಮು ದೊಡ್ಡದು. ಆಳು ತನ್ನದು ಜೀತದ ಸಾಲವೆಂದರೆ, ಅಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟ ಧಣಿ. 1859ರ ಕಾಯ್ದೆಯಡಿ ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾಗಿದ್ದವನು ಆಳು.