ಲಕ್ಷಣವೂ ಲಕ್ಷ್ಯವೂ: ಕನ್ನಡನಾಡಿನ ಜೀವಜಾತಿನಿರ್ಣಯದ ಚರಿತ್ರೆಯಲ್ಲಿ ಒಂದು ಪ್ರಕರಣ

೧

ಒಂದು ವಸ್ತುವನ್ನು ಮಿಕ್ಕ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಅಸಾಧಾರಣಧರ್ಮಕ್ಕೆ ತಾರ್ಕಿಕರು ಲಕ್ಷಣವೆಂದು ಹೆಸರಿಟ್ಟಿರುವರು. ಆ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳು ತಗಲಬಹುದೆಂಬುದು ತರ್ಕವನ್ನೋದಿದವರೆಲ್ಲರಿಗೂ ತಿಳಿದ ಮಾತು. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಗೋವು ಹೊರಗುಳಿಯುತ್ತದೆ. ಕೊಂಬುಳ್ಳದ್ದೆಂದರೆ ಎಮ್ಮೆಯೂ ಒಳಸೇರುತ್ತದೆ. ಒಂಟಿ ಗೊರಸುಳ್ಳದ್ದೆಂದರೆ ಯಾವ ಗೋವಿಗೂ ಹೊಂದುವುದಿಲ್ಲ. ಕೊರಳಿನಡಿಯಲ್ಲಿ ಜೋಲುವ ಗಂಗೆದೊಗಲೆಂದಾಗ ಮಾತ್ರ ಲಕ್ಷಣವು ನಿರ್ದುಷ್ಟವಾಗುವುದು.

ಈ ವಿಚಾರದಲ್ಲೆಲ್ಲ ಲಕ್ಷ್ಯವಾದ ಗೋವು ಕೊಟ್ಟಿಗೆಯಲ್ಲಿ ನಿಂತೇ ಇರುತ್ತದೆ. ಲಕ್ಷಣವು ಸರಿಯೋ ತಪ್ಪೋ ಎಂಬ ಸಂದೇಹ ಬಂದರೆ ಹೋಗಿ ನೋಡಬಹುದು. ಆದರೆ ಲಕ್ಷಣವಾಕ್ಯವು ಪುಸ್ತಕದಲ್ಲುಳಿದು ಲಕ್ಷ್ಯವೇ ಕಣ್ಮರೆಯಾದರೆ ಗತಿಯೇನು? ಇದು ಬರಿಯ ತರ್ಕಶಾಲೆಯ ಪ್ರಶ್ನೆಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕನ್ನಡನಾಡಿನ ಕಪ್ಪೆಗಳ ವಿಷಯದಲ್ಲಿ ಇದು ನಿಜವಾಗಿ ಸಂಭವಿಸಿತು. ಅದರ ಪರಿಹಾರಕ್ಕೆ ಮುಕ್ಕಾಲು ಶತಮಾನವೂ ಸಾಲಲಿಲ್ಲ.

೨

ಜೀವಿಗಳನ್ನು ಬಗೆಬಗೆಯಾಗಿ ವಿಂಗಡಿಸಿ ಹೆಸರಿಡುವ ಕಾರ್ಯವು ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವುಂಟು. ಅಲ್ಲಿ ಮೂವತ್ತಕ್ಕೂ ಮಿಕ್ಕ ಮೀನುಗಳು ಹೆಸರುಗೊಂಡಿವೆ. ಸಮುದ್ರದಲ್ಲಿರುವುವು, ನದಿಯಲ್ಲಿರುವುವು, ಪೊರೆಯುಳ್ಳವು, ಪೊರೆಯಿಲ್ಲದವು, ದೊಡ್ಡವು, ಚಿಕ್ಕವು ಎಂಬ ವಿಭಾಗವೂ ಅಲ್ಲಿ ಕಾಣುತ್ತದೆ. ಪ್ರಸಿದ್ಧ ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ, ಅಲ್ಲಿಯ ಹೆಸರುಗಳು ಇಂದಿನ ಯಾವ ಮೀನುಗಳಿಗೆ ಸಲ್ಲುವುವೆಂದು ನಿರ್ಣಯಿಸಲು ಯತ್ನಿಸಿದರು. ಆ ನಿರ್ಣಯವು ಊಹೆಯ ಆಸರೆಯಿಲ್ಲದೆ ನಡೆಯುವಂತಿರಲಿಲ್ಲ. ಅರಸನು ನೋಡಿದ ಮೀನು ಇಂದು ನಮ್ಮ ಮುಂದಿಲ್ಲ. ಅವನ ಮಾತೊಂದೇ ಉಳಿದಿದೆ.

ಈ ತೊಡಕನ್ನು ಬಿಡಿಸಲು ಪಾಶ್ಚಾತ್ಯ ಪ್ರಾಣಿಶಾಸ್ತ್ರವು ಕ್ರಮವಾಗಿ ಒಂದು ಉಪಾಯವನ್ನು ಕಂಡುಕೊಂಡಿತು. ಪ್ರಾಣಿಗಳ ನಾಮಕರಣಕ್ಕೆ ಲಿನೇಯಸನ ‘ಸಿಸ್ಟೆಮ ನ್ಯಾಚುರೆ’ ಗ್ರಂಥದ ಹತ್ತನೆಯ ಆವೃತ್ತಿಯೇ (೧೭೫೮) ಆರಂಭಸ್ಥಾನವೆಂದು ಒಪ್ಪಿರುವರು. ಕಾಲಕ್ರಮದಲ್ಲಿ, ಹೊಸ ಜಾತಿಯನ್ನು ವರ್ಣಿಸುವವನು ತಾನು ಪರೀಕ್ಷಿಸಿದ ಪ್ರಾಣಿಗಳಲ್ಲೊಂದನ್ನು ಮೂಲಮಾದರಿಯೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇರಿಸುವ ಪದ್ಧತಿಯು ಬೆಳೆಯಿತು. ಹೆಸರು ಸಲ್ಲುವುದು ಆ ಮಾದರಿಗೆ. ವರ್ಣನೆಯು ಅದರ ವ್ಯಾಖ್ಯಾನ ಮಾತ್ರ. ವ್ಯಾಖ್ಯಾನದಲ್ಲಿ ದೋಷವಿದ್ದರೆ ಮೂಲವನ್ನು ನೋಡಿ ತಿದ್ದಬಹುದು. ೧೯೯೯ರ ನಂತರ ಪ್ರಕಟವಾಗುವ ಹೊಸ ಜಾತಿಗಳಿಗೆ ಮೂಲಮಾದರಿಯನ್ನು ಸ್ಪಷ್ಟವಾಗಿ ಗೊತ್ತುಮಾಡಲೇಬೇಕೆಂದು ಅಂತಾರಾಷ್ಟ್ರೀಯ ನಾಮಕರಣಸಂಹಿತೆಯು ವಿಧಿಸುತ್ತದೆ.

೩

ಸಿ. ಆರ್. ನಾರಾಯಣರಾಯರು (೧೮೮೨–೧೯೬೦) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೧೯೩೨ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ದೇಶದ ವಿಜ್ಞಾನಿಗಳು ತಮ್ಮ ಶೋಧನೆಗಳನ್ನು ವಿದೇಶದ ಪತ್ರಿಕೆಗಳಿಗೇ ಕಳುಹಿಸುವ ರೂಢಿಯಿದ್ದ ಕಾಲದಲ್ಲಿ, ಈ ನೆಲದ ಶೋಧನೆಗೆ ಈ ನೆಲದಲ್ಲಿಯೇ ಮುದ್ರಣವೇದಿಕೆಯನ್ನು ಒದಗಿಸಿದವರಲ್ಲಿ ರಾಯರು ಮುಖ್ಯರು.

ರಾಯರ ಸ್ವಂತ ಶೋಧನೆಯು ಕಪ್ಪೆಗಳನ್ನು ಕುರಿತದ್ದು. ಸಹ್ಯಾದ್ರಿಯ ಮಳೆಗಾಡುಗಳಲ್ಲಿ ದೊರೆತ ಕಪ್ಪೆಗಳನ್ನೂ ಅವುಗಳ ಗೊದಮೊಟ್ಟೆಗಳನ್ನೂ ಅವರು ಬಹುಕಾಲ ಅಭ್ಯಾಸಮಾಡಿದರು. ಕೊಡಗಿನ ಕಪ್ಪೆಯೊಂದಕ್ಕೆ ೧೯೨೦ರಲ್ಲಿ ‘ನಿಕ್ಟಿಬ್ಯಾಟ್ರಾಕಸ್ ಸ್ಯಾಂಕ್ಟಿಪಾಲುಸ್ಟ್ರಿಸ್’ ಎಂದು ಹೆಸರಿಟ್ಟರು. ಪುಣ್ಯವಾದ ಜೌಗುನೆಲದ್ದು ಎಂದು ಆ ಲ್ಯಾಟಿನ್ ವಿಶೇಷಣದ ಅರ್ಥ. ೧೯೨೫ರಲ್ಲಿ ರಾಮಣ್ಣನವರೊಡಗೂಡಿ ‘ರಾಮನೆಲ್ಲ’ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಅವರ ಪ್ರಧಾನಲೇಖನವು ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸಿನ ಆರನೆಯ ಸಂಪುಟದಲ್ಲಿ, ೧೯೩೭ರಲ್ಲಿ ಪ್ರಕಟವಾಯಿತು. ೩೮೭ರಿಂದ ೪೨೭ರವರೆಗಿನ ಆ ಪುಟಗಳಲ್ಲಿ ದಕ್ಷಿಣಹಿಂದೂಸ್ಥಾನದ ಅನೇಕ ಹೊಸ ಕಪ್ಪೆಗಳು ವರ್ಣಿತವಾಗಿವೆ. ಕೆಂಪುಹೊಳೆಯ ಘಟ್ಟದ ಕಪ್ಪೆಗೆ ‘ಕೆಂಫೋಲೆಯೆನ್ಸಿಸ್’, ಕೊಟ್ಟಿಗೆಹಾರದ ಕಪ್ಪೆಗೆ ‘ಕೊಟ್ಟಿಗೆಹಾರೆನ್ಸಿಸ್’ ಎಂದು ರಾಯರು ನಾಡಿನ ಊರುಗಳನ್ನೇ ಲ್ಯಾಟಿನ್ ಪ್ರತ್ಯಯದಿಂದ ಅಲಂಕರಿಸಿ ಶಾಸ್ತ್ರದಲ್ಲಿ ನಿಲ್ಲಿಸಿದರು. ಸಹ್ಯಾದ್ರಿಯ ಚಿಕ್ಕ ಹಳ್ಳಿಗಳು ಜಗತ್ತಿನ ಪ್ರಾಣಿಶಾಸ್ತ್ರಗ್ರಂಥಗಳಲ್ಲಿ ಸೇರಿದುದು ಹೀಗೆ.

ಈ ಲೇಖನಕ್ಕೆ ಆಧಾರವಾದ ಮೂಲಮಾದರಿಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದುವು. ಅವು ಉಳಿದುಬರಲಿಲ್ಲ. ಮುಂದಿನ ಪೀಳಿಗೆಯ ಶೋಧಕರು ಆ ಮಾದರಿಗಳು ನಷ್ಟವಾದುವೆಂದೇ ತಮ್ಮ ಗ್ರಂಥಗಳಲ್ಲಿ ನಮೂದಿಸಿರುವರು.

೪

ಇದರಿಂದುಂಟಾದ ಹಾನಿ ಯಾವ ಬಗೆಯದೆಂಬುದನ್ನು ವಿಚಾರಿಸಬೇಕು. ರಾಯರ ವರ್ಣನೆಗಳಲ್ಲಿ ದೇಹದ ಅಳತೆ, ಕಾಲುಗಳ ಪ್ರಮಾಣ, ಬೆರಳುಗಳ ನಡುವಣ ಪೊರೆ, ಚರ್ಮದ ಬಣ್ಣ ಇವೇ ಮೊದಲಾದುವು ಹೇಳಲ್ಪಟ್ಟಿವೆ. ಅವು ಆ ಕಾಲದ ಶಾಸ್ತ್ರಪದ್ಧತಿಗೆ ಅನುಗುಣವಾಗಿಯೇ ಇವೆ. ಆದರೆ ಸಹ್ಯಾದ್ರಿಯ ಪೊದೆಗಪ್ಪೆಗಳಲ್ಲಿ ಒಂದೇ ಜಾತಿಯಲ್ಲಿ ಹಲವು ಬಣ್ಣಗಳುಂಟು. ಬೇರೆ ಬೇರೆ ಜಾತಿಗಳು ಕಣ್ಣಿಗೆ ಒಂದೇ ಆಗಿ ತೋರುವುದೂ ಉಂಟು. ಮದ್ಯಸಾರದಲ್ಲಿ ಇರಿಸಿದ ಪ್ರಾಣಿಯ ಬಣ್ಣವು ಮಾಸಿಹೋಗುತ್ತದೆ. ಆದುದರಿಂದ ಬಣ್ಣವನ್ನು ಹಿಡಿದರೆ ಅವ್ಯಾಪ್ತಿ, ಆಕಾರವನ್ನು ಹಿಡಿದರೆ ಅತಿವ್ಯಾಪ್ತಿ. ಮಾದರಿಯಿದ್ದಿದ್ದರೆ ಈ ದೋಷವು ಅರ್ಧದಿನದ ಪರೀಕ್ಷೆಯಿಂದ ಪರಿಹಾರವಾಗುತ್ತಿತ್ತು. ಮಾದರಿಯಿಲ್ಲದ ಕಾರಣ ಪ್ರತಿಯೊಂದು ಹೆಸರೂ ಒಂದೊಂದು ವಿವಾದಕ್ಕೆ ಆಸ್ಪದವಾಯಿತು.

ಕೊಟ್ಟಿಗೆಹಾರದ ಕಪ್ಪೆಯೇ ಇದಕ್ಕೆ ನಿದರ್ಶನ. ರಾಯರು ಇದನ್ನು ಪೊದೆಗಪ್ಪೆಗಳ ‘ಫಿಲಾಟಸ್’ ಕುಲದಲ್ಲಿ ಸೇರಿಸಿದ್ದರು. ಇಂದಿನ ನಿರ್ಣಯದಂತೆ ಅದು ‘ಮಿಕ್ರಿಕ್ಸಾಲಸ್’ ಕುಲಕ್ಕೆ ಸೇರಿದ್ದು. ಹರಿಯುವ ತೊರೆಯ ಬಂಡೆಯ ಮೇಲೆ ಕುಳಿತು, ಹಿಂಗಾಲನ್ನು ಚಾಚಿ ಬೀಸಿ, ಎದುರಾಳಿಗೆ ಸಂಜ್ಞೆ ಮಾಡುವ ಕುಣಿಯುವ ಕಪ್ಪೆಗಳು ಇವು. ಪೊದೆಗಪ್ಪೆಗೂ ಇದಕ್ಕೂ ಕುಲವಷ್ಟೇ ಅಲ್ಲ, ಕುಟುಂಬವೇ ಬೇರೆ. ೨೦೧೪ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಈ ಕುಲದಲ್ಲಿ ೧೪ ಹೊಸ ಜಾತಿಗಳನ್ನು ವರ್ಣಿಸಿದರು. ಅಷ್ಟು ಜಾತಿಗಳು ಒಂದೇ ಪರ್ವತಶ್ರೇಣಿಯಲ್ಲಿರುವಾಗ, ಹಳೆಯ ಹೆಸರು ಯಾವುದಕ್ಕೆ ಸಲ್ಲುವುದೆಂಬುದು ಎಷ್ಟು ನಾಜೂಕಾದ ಪ್ರಶ್ನೆಯೆಂಬುದನ್ನು ವಾಚಕರೇ ಊಹಿಸಬಹುದು.

ಕೊಡಗಿನ ಸ್ಯಾಂಕ್ಟಿಪಾಲುಸ್ಟ್ರಿಸ್ ಕಪ್ಪೆಯ ವೃತ್ತಾಂತವು ಇನ್ನೂ ದೀರ್ಘವಾದುದು. ೧೯೨೦ರಲ್ಲಿ ವರ್ಣಿತವಾದ ಈ ಜಾತಿಯನ್ನು ಬಿಜು ಮತ್ತು ಸಂಗಡಿಗರು ೨೦೧೧ರ ಪರಿಷ್ಕರಣದಲ್ಲಿ ಪುನಃ ಗುರುತಿಸಿದರು. ನಡುವೆ ೯೧ ವರ್ಷಗಳು ಕಳೆದಿದ್ದುವು. ಕೆಂಪುಹೊಳೆಯ ಕಪ್ಪೆಯೂ ಅದೇ ಗ್ರಂಥದಲ್ಲಿ ಪುನರುಜ್ಜೀವನವನ್ನು ಪಡೆಯಿತು. ಮೂಲವು ನಷ್ಟವಾಗಿ ಹೆಸರಿನ ಅರ್ಥವು ಸಂದಿಗ್ಧವಾದಾಗ ಹೊಸದೊಂದು ಮಾದರಿಯನ್ನು ಅದರ ಸ್ಥಾನದಲ್ಲಿ ನಿಲ್ಲಿಸಲು ಸಂಹಿತೆಯು ಅನುಮತಿ ಕೊಡುತ್ತದೆ. ಇದು ಪ್ರತಿನಿಧಿನ್ಯಾಯ. ಯಜ್ಞದಲ್ಲಿ ಸೋಮಲತೆಯು ದೊರೆಯದಿದ್ದರೆ ಪೂತಿಕವನ್ನು ಗ್ರಹಿಸಬೇಕೆಂದು ವಿಧಿಸಿರುವಂತೆ, ಇಲ್ಲಿಯೂ ಕರ್ಮವು ನಿಲ್ಲದೆ ಸಾಗುತ್ತದೆ. ಆದರೆ ಪೂತಿಕವು ಸೋಮವಲ್ಲ. ಕೊಡಗಿನ ವಾಟೆಕೊಲ್ಲಿಯಿಂದ ರಾಯರು ವರ್ಣಿಸಿದ ‘ಸೌರಿಸೆಪ್ಸ್’ ಎಂಬ ಹಲ್ಲಿದಲೆಯ ಕಪ್ಪೆಯಂತಹ ಕೆಲವು ಹೆಸರುಗಳು ಪಟ್ಟಿಗಳಲ್ಲಿ ಸಂದೇಹದೊಡನೆಯೇ ನಿಂತಿವೆ.

ಇಷ್ಟಾದರೂ ರಾಯರ ಕೀರ್ತಿಗೆ ಕುಂದು ಬಂದಿಲ್ಲ. ೨೦೧೦ರಲ್ಲಿ ಸಹ್ಯಾದ್ರಿಯ ಪೊದೆಗಪ್ಪೆಗಳಿಗೆ ಪ್ರತ್ಯೇಕ ಕುಲವನ್ನು ಕಲ್ಪಿಸಿದ ಶೋಧಕರು ಅದಕ್ಕೆ ‘ರಾವೋರ್ಕೆಸ್ಟಿಸ್’ ಎಂದು ರಾಯರ ಹೆಸರನ್ನೇ ಇಟ್ಟರು. ಆ ಲೇಖನವು ಪ್ರಕಟವಾದುದು ರಾಯರು ಸಂಪಾದಿಸಿದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿಯೇ ಎಂಬುದು ಸ್ಮರಣೀಯ.

೫

ಇದೇ ಕಾಲದ ಇನ್ನೊಬ್ಬ ಶೋಧಕರನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಸೈನ್ಯದ ವೈದ್ಯಾಧಿಕಾರಿಯಾಗಿದ್ದ ಎಫ್. ಸಿ. ಫ್ರೇಸರ್ (೧೮೮೦–೧೯೬೩) ಕೊಡಗಿನ ಹೊಳೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಸಂಗ್ರಹಿಸಿ ಅನೇಕ ಹೊಸ ಜಾತಿಗಳನ್ನು ವರ್ಣಿಸಿದರು. ೧೯೩೩, ೧೯೩೪, ೧೯೩೬ರಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಅವರ ಸಂಗ್ರಹದ ಬಹುಭಾಗವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಅವರ ನಿರ್ಣಯಗಳನ್ನು ಒಪ್ಪುವವರೂ ಅಲ್ಲಗಳೆಯುವವರೂ ಇಂದಿಗೂ ಆ ಮಾದರಿಗಳನ್ನೇ ನೋಡಿ ಮಾತನಾಡಬಹುದು. ಇಬ್ಬರು ಪಂಡಿತರ ಬುದ್ಧಿಗೆ ತಾರತಮ್ಯವಿಲ್ಲ. ವ್ಯತ್ಯಾಸವಿರುವುದು ಸಂಗ್ರಹದ ಭಾಗ್ಯದಲ್ಲಿ.

ಉಷ್ಣವಲಯದ ದ್ವೀಪಗಳಲ್ಲಿಯೂ ಇದೇ ಪಾಠವು ದೊರೆಯುತ್ತದೆ. ಇಂಗ್ಲಿಷಿನಲ್ಲಿ ಸ್ಟೋನ್‌ಫ್ಲೈ ಎಂದು ಹೇಳುವ ಕಲ್ಲುನೊಣಗಳ ಮರಿಗಳು ಹರಿಯುವ ನೀರಿನಲ್ಲಿ ಕಲ್ಲುಗಳಡಿಯಲ್ಲಿ ಬೆಳೆಯುತ್ತವೆ. ಪ್ರಾಯದ ಹುಳುಗಳು ದೂರ ಹಾರಲಾರವು. ಆದಕಾರಣ ಫಿಲಿಪೀನ್ಸ್, ಬೋರ್ನಿಯೊ, ಸುಲವೇಸಿ ಮುಂತಾದ ದ್ವೀಪಗಳಲ್ಲಿ ಅವು ಬೇರೆ ಬೇರೆ ಜಾತಿಗಳಾಗಿ ಒಡೆದಿವೆ. ‘ನಿಯೋಪರ್ಲ’ ಎಂಬ ಕುಲವನ್ನು ನೀಡಮ್ ೧೯೦೫ರಲ್ಲಿ ಸ್ಥಾಪಿಸಿದನು. ಕ್ಲಪಾಲೆಕ್, ಎಂಡರ್ಲೈನ್ ಮೊದಲಾದ ಹಿಂದಿನವರು ತಲೆಯ ಮಚ್ಚೆ, ರೆಕ್ಕೆಯ ಬಣ್ಣ ಮೊದಲಾದ ಹೊರಗುರುತುಗಳನ್ನು ಮುಖ್ಯವಾಗಿ ಹೇಳಿದರು. ಇವು ಹಲವು ಜಾತಿಗಳಲ್ಲಿ ಒಂದೇ ತೆರನಾಗಿರುವುದರಿಂದ ಅತಿವ್ಯಾಪ್ತಿದೋಷವು ತಪ್ಪಲಿಲ್ಲ. ಮುಂದೆ ಪೀಟರ್ ಜ್ವಿಕ್, ಇಗ್ನಾಟ್ಸ್ ಸಿವೆಟ್ಸ್, ಬಿಲ್ ಸ್ಟಾರ್ಕ್ ಮೊದಲಾದವರು ಗಂಡಿನ ಒಡಲೊಳಗೆ ಅಡಗಿರುವ ಜನನಾಂಗವನ್ನು ಕ್ಷಾರದ್ರಾವಣದ ಸಹಾಯದಿಂದ ಹೊರಚಾಚಿಸಿ, ಅದರ ಮೇಲಣ ಸಣ್ಣ ಮುಳ್ಳುಗಳ ಜೋಡಣೆಯನ್ನೂ, ಮೊಟ್ಟೆಯ ಚಿಪ್ಪಿನ ಕೆತ್ತನೆಯನ್ನೂ ಲಕ್ಷಣವಾಗಿ ಗ್ರಹಿಸಿದರು. ಇದೇ ಈ ಹುಳುಗಳ ಗಂಗೆದೊಗಲು. ಹಿಂದಿನವರು ಕಾಣದಿದ್ದ ಈ ಲಕ್ಷಣವನ್ನು ಹಿಂದಿನವರ ಹೆಸರುಗಳಿಗೆ ಹೊಂದಿಸಬೇಕಾದರೆ ಅವರ ಮೂಲಮಾದರಿಯನ್ನೇ ತೆರೆದು ನೋಡಬೇಕು. ಮಾದರಿಯು ಉಳಿದಿದ್ದರೆ ನೂರು ವರ್ಷಗಳ ಬಳಿಕವೂ ಅದು ಹೊಸ ಪ್ರಶ್ನೆಗೆ ಉತ್ತರ ಕೊಡುತ್ತದೆ; ಬರೆದಿಟ್ಟ ವರ್ಣನೆಯಾದರೋ ಬರೆದವನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು.

ಅದೇ ಫಿಲಿಪೀನ್ಸಿನ ಮನಿಲಾ ನಗರದಲ್ಲಿ ೧೯೪೫ರ ಯುದ್ಧದಲ್ಲಿ ಸರಕಾರಿ ವಿಜ್ಞಾನಸಂಸ್ಥೆಯ ಸಂಗ್ರಹವು ಬೆಂಕಿಗೆ ಆಹುತಿಯಾಯಿತು. ಆದರೆ ಸಸ್ಯಶಾಸ್ತ್ರಜ್ಞನಾದ ಮೆರಿಲ್ ಅದಕ್ಕೆ ಮುಂಚೆಯೇ ತನ್ನ ಒಣಸಸ್ಯಗಳ ಜೋಡಿಪ್ರತಿಗಳನ್ನು ದೇಶವಿದೇಶಗಳ ಸಂಗ್ರಹಾಲಯಗಳಿಗೆ ಹಂಚಿದ್ದನು. ಸುಟ್ಟುಹೋದುದರ ಬಹುಭಾಗವನ್ನು ಆ ಪ್ರತಿಗಳಿಂದ ಅರಿಯುವುದು ಸಾಧ್ಯವಾಯಿತು.

೬

ಸಾಹಿತ್ಯಾಭ್ಯಾಸಿಗಳಿಗೆ ಈ ವಿಚಾರವು ಹೊರಗಿನದಲ್ಲ. ವಿಜಾಪುರ ಜಿಲ್ಲೆಯ ಮುದ್ದೇಬಿಹಾಳದ ಪ್ರಾಂತದಲ್ಲಿ, ಕೃಷ್ಣಾತೀರದಲ್ಲಿ ತಂಗಡಗಿಯೆಂಬ ಊರಿದೆ. ಬಸವಣ್ಣನವರ ಪತ್ನಿಯಾದ ನೀಲಾಂಬಿಕೆಯವರು ಐಕ್ಯರಾದ ಸ್ಥಳವೆಂದು ಅದು ಪ್ರಸಿದ್ಧವಾಗಿದೆ. ಅವರ ವಚನಗಳನ್ನು ಇತರರ ವಚನಗಳಿಂದ ಬೇರ್ಪಡಿಸುವ ಲಕ್ಷಣವು ‘ಸಂಗಯ್ಯ’ ಎಂಬ ಅಂಕಿತ. ಆದರೆ ಅಂಕಿತವೊಂದನ್ನೇ ನೆಚ್ಚಿದರೆ ಸಾಲದು. ಅದನ್ನು ಪಿಂತಣವರ ರಚನೆಗೂ ಜೋಡಿಸಬಹುದು. ಆಗ ತೀರ್ಪು ಕೊಡಬೇಕಾದುದು ಓಲೆಯ ಪ್ರತಿ. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮನೆಮನೆಗಳಿಂದ ತಾಡವೋಲೆಗಳನ್ನು ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದುದರ ಮಹತ್ತ್ವವು ಇದರಿಂದ ತಿಳಿಯುತ್ತದೆ. ನಾರಾಯಣರಾಯರಿದ್ದ ಸೆಂಟ್ರಲ್ ಕಾಲೇಜಿನಲ್ಲಿಯೇ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಪರಿಷತ್ತಿಗಾಗಿ ೧೯೩೧ರಲ್ಲಿ ಪಂಪಭಾರತವನ್ನು ಪರಿಷ್ಕರಿಸಿದರು. ೧೮೯೮ರಲ್ಲಿ ರೈಸ್ ಸಾಹೇಬರು ಅಚ್ಚುಹಾಕಿಸಿದ ಗ್ರಂಥವನ್ನು ಮತ್ತೆ ಶೋಧಿಸುವುದು ಸಾಧ್ಯವಾದುದು ಹಸ್ತಪ್ರತಿಗಳು ಉಳಿದಿದ್ದುದರಿಂದ. ಒಂದೇ ವಿದ್ಯಾಶಾಲೆಯ ಇಬ್ಬರು ಅಧ್ಯಾಪಕರಲ್ಲಿ ಒಬ್ಬರ ಮೂಲಗಳು ಉಳಿದುವು. ಇನ್ನೊಬ್ಬರ ಮೂಲಗಳು ಅಳಿದುವು.

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಲಕ್ಷಣವು ಕಾಲಕಾಲಕ್ಕೆ ಬದಲಾಗುವುದು ಶಾಸ್ತ್ರದ ಸ್ವಭಾವ. ಕಪ್ಪೆಯ ಬಣ್ಣವನ್ನು ನೋಡುತ್ತಿದ್ದವರು ಈಗ ಅದರ ಕೂಗನ್ನೂ ನಡವಳಿಕೆಯನ್ನೂ ಪರೀಕ್ಷಿಸುತ್ತಿರುವರು. ಮೊಟ್ಟೆಗಳಿಗೆ ಕೆಸರು ಮೆತ್ತುವ ಉತ್ತರ ಕನ್ನಡದ ಕಪ್ಪೆಯೊಂದಕ್ಕೆ ಕೆ. ವಿ. ಗುರುರಾಜ ಮತ್ತು ಸಂಗಡಿಗರು ೨೦೧೪ರಲ್ಲಿ ‘ಕುಂಬಾರ’ ಎಂಬ ಕನ್ನಡದ ಹೆಸರನ್ನೇ ಇಟ್ಟಿರುವರು. ಇದು ಮೊದಲನೆಯದು. ಎರಡನೆಯದು, ಲಕ್ಷಣವು ಬದಲಾಗುವುದರಿಂದಲೇ ಲಕ್ಷ್ಯವು ಬದಲಾಗದೆ ಉಳಿಯಬೇಕು; ಮತ್ತು ಅದು ಒಂದೇ ಮನೆಯಲ್ಲಿರದೆ ಹಲವು ಮನೆಗಳಲ್ಲಿರಬೇಕು. ಗಾಜಿನ ಭರಣಿಯೊಳಗಣ ಕಪ್ಪೆಗೂ ಅಟ್ಟದ ಮೇಲಣ ಓಲೆಗಟ್ಟಿಗೂ ಈ ನ್ಯಾಯವು ಸಮಾನ. ಅವನ್ನು ಕಾಪಾಡುವ ಪರಿಚಾರಕನ ಕೆಲಸವು ಹೆಸರಿಡುವ ಪಂಡಿತನ ಕೆಲಸಕ್ಕಿಂತ ಕಿರಿದಲ್ಲವೆಂಬುದನ್ನು ರಾಯರ ಕಪ್ಪೆಗಳ ಚರಿತ್ರೆಯು ಸ್ಪಷ್ಟಪಡಿಸುತ್ತದೆ.