ವೃತ್ತಿಪರ ಜಾಲತಾಣ ಅಭಿವೃದ್ಧಿಗಾರರು ಮತ್ತು ಜಾಲ ಶಿಷ್ಟತೆಗಳು

ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಗ್ರಾಮವು ಕರಾವಳಿಯನ್ನು ಮಲೆನಾಡಿಗೆ ಸೇರಿಸುವ ಘಟ್ಟದ ಬುಡದಲ್ಲಿದೆ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದಾಗಿ ಈ ಘಟ್ಟದಲ್ಲಿ ವಾಹನ ಸಂಚಾರವನ್ನು ನಿಷೇಧಿಸಲಾಗಿತ್ತು. ಇಂತಹ ಪ್ರಕಟಣೆಯನ್ನು ಜಾಲತಾಣದಲ್ಲಿ ಕೇವಲ ಚಿತ್ರರೂಪದಲ್ಲಿ ನೀಡಿದಲ್ಲಿ ಅದು ಹುಡುಕಾಟದಲ್ಲಿ ಸುಲಭವಾಗಿ ದೊರೆಯದು; ದೃಷ್ಟಿಹೀನರು ಬಳಸುವ ತೆರೆಓದುಗ ತಂತ್ರಾಂಶಕ್ಕೂ ಅದನ್ನು ಓದುವುದು ಕಷ್ಟ. ಆದುದರಿಂದ ಶಿಷ್ಟತೆಗಳ ಪಾಲನೆಯು ಈ ವೃತ್ತಿಯ ಮೊದಲ ಕರ್ತವ್ಯವಾಗಿದೆ.

ಈ ವೃತ್ತಿಯನ್ನು ಕೈಗೊಳ್ಳುವವರು ಅರಿತಿರಬೇಕಾದ ಅಂಶಗಳು:

1. ರಚನೆ: ಶೀರ್ಷಿಕೆ, ಪಟ್ಟಿ, ಕೋಷ್ಟಕಗಳನ್ನು ಎಚ್‌ಟಿಎಂಎಲ್‌ನಿಂದ ಗುರುತಿಸಿ, ಬಣ್ಣ ಹಾಗೂ ವಿನ್ಯಾಸವನ್ನು ಸಿಎಸ್‌ಎಸ್‌ಗೆ ಬಿಡತಕ್ಕದ್ದು.

2. ಲಿಪಿ: ಕನ್ನಡವು 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸೇರಿದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳ ಪಠ್ಯವು, ಆ ಫಾಂಟ್ ಇಲ್ಲದ ಸಾಧನದಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತದೆ. ಅಂತಹ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿ ಪ್ರಕಟಿಸಬೇಕು.

3. ಭಾಷಾಸೂಚನೆ: ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸಿದಲ್ಲಿ ತೆರೆಓದುಗವು ಕನ್ನಡದ ಧ್ವನಿಯನ್ನು ಆಯ್ದುಕೊಳ್ಳಬಲ್ಲದು.

4. ಮಾರ್ಗಸೂಚಿ: ಸರ್ಕಾರಿ ಜಾಲತಾಣಗಳಿಗಾಗಿ ಭಾರತ ಸರ್ಕಾರವು 2009ರಲ್ಲಿ ಮಾರ್ಗಸೂಚಿಗಳನ್ನು ಹೊರತಂದಿತು. 1994ರಲ್ಲಿ ಸ್ಥಾಪನೆಯಾದ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಸುಗಮ್ಯತಾ ಮಾರ್ಗಸೂಚಿಗಳನ್ನೂ ಅಭ್ಯಸಿಸತಕ್ಕದ್ದು.

ಪ್ರಕಟಿಸುವ ಮುನ್ನ ಪುಟವನ್ನು ಕೀಲಿಮಣೆಯಿಂದ ಮಾತ್ರ, ಸಣ್ಣ ಮೊಬೈಲ್‌ನಲ್ಲಿ ಹಾಗೂ ನಿಧಾನಗತಿಯ ಸಂಪರ್ಕದಲ್ಲಿ ಪರೀಕ್ಷಿಸುವುದು. ಮಳೆಗಾಲದಲ್ಲಿ ಘಟ್ಟದ ಪ್ರಯಾಣಿಕರಿಗೆ ಲಭ್ಯವಿರುವುದು ಬಹುಪಾಲು ಅಂತಹ ಸಂಪರ್ಕವೇ.