ಆನಂದಪುರದ ಕೋಟೆ

ಸಾಗರದಿಂದ ಶಿವಮೊಗ್ಗೆಗೆ ಹೋಗುವ ಹಾದಿಯಲ್ಲಿ ಆನಂದಪುರವು ಈಗ ಗಳಿಗೆ ಹೊತ್ತು ನಿಂತು ಮುಂದೆ ಸಾಗುವ ಊರು. ಕೆಳದಿಯಿಂದ ಇಕ್ಕೇರಿಗೂ ಇಕ್ಕೇರಿಯಿಂದ ಬಿದನೂರಿಗೂ ರಾಜಧಾನಿಯನ್ನು ಒಯ್ದ ನಾಯಕರ ಸೀಮೆಯಲ್ಲಿ ಇದೂ ಕೋಟೆಯುಳ್ಳ ಊರೇ. ತೀರ್ಥಹಳ್ಳಿಯ ಕಡೆಯ ಕವಲೇದುರ್ಗಕ್ಕಿರುವ ಬೆಟ್ಟದ ಆಸರೆ ಮಾತ್ರ ಇದಕ್ಕಿರಲಿಲ್ಲ.

1763ರಲ್ಲಿ ಹೈದರಾಲಿಯು ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಸಿದು ಹೈದರನಗರವೆಂದು ಹೆಸರಿಟ್ಟಾಗಲೂ ಸುಲಿಗೆಗೇನೂ ಕೊರತೆಯಾಗಲಿಲ್ಲ. ಅದನ್ನು ಮರೆಮಾಚಿ ಪಾಶ್ಚಾತ್ಯರನ್ನಷ್ಟೇ ಹಳಿಯುವುದು ನ್ಯಾಯವಲ್ಲ. ಆದರೆ ಇಪ್ಪತ್ತು ವರ್ಷಗಳ ತರುವಾಯ, ಹೈದರನು ಮಡಿದುದನ್ನೇ ಸುಸಮಯವೆಂದೆಣಿಸಿ, ಜನರಲ್ ಮ್ಯಾಥ್ಯೂಸನ ನಾಯಕತ್ವದಲ್ಲಿ ಕುಂದಾಪುರದಿಂದ ಹೊಸಂಗಡಿ ಘಾಟಿಯನ್ನೇರಿ ಬಂದ ಮುಂಬಯಿ ಸೇನೆಯು ತಂದದ್ದು ಕಟ್ಟಳೆಯುಳ್ಳ, ಲೆಕ್ಕಪತ್ರವುಳ್ಳ ಸುಲಿಗೆಯನ್ನು. ಗೆದ್ದ ಸ್ವತ್ತಿನಲ್ಲಿ ಸೇನಾಪತಿಗಿಷ್ಟು, ಕ್ಯಾಪ್ಟನನಿಗಿಷ್ಟು, ಸಿಪಾಯಿಗಿಷ್ಟು ಎಂದು ಪದವಿಗನುಸಾರವಾಗಿ ಪಾಲು ಹಂಚುವುದು ಆ ಸೈನ್ಯಗಳಲ್ಲಿ ಕಳ್ಳತನವೆನಿಸದೆ ಹಕ್ಕೆನಿಸಿತ್ತು. ಊರುಬಿಟ್ಟು ಕಡಲು ದಾಟಿದ ಅಧಿಕಾರಿಗೆ ಸಂಬಳಕ್ಕಿಂತ ಆ ಪಾಲೇ ದೊಡ್ಡ ಆಸೆ.

ಕೊಲೆಗೂ ಅಂತಹುದೇ ಒಂದು ಕಟ್ಟಳೆ. ಶರಣಾಗೆಂಬ ಕರೆಯನ್ನು ತಿರಸ್ಕರಿಸಿ, ಗೋಡೆ ಬಿರಿದ ಮೇಲೂ ಕಾದಾಡಿದ ಕೋಟೆಯವರಿಗೆ ಪ್ರಾಣಭಿಕ್ಷೆಯ ಹಕ್ಕಿಲ್ಲವೆಂಬುದು ಯೂರೋಪಿನ ರಣರೂಢಿ. ಬಿದನೂರನ್ನು ಅದರ ಅಧಿಕಾರಿ ಅಯಾಜ್‌ಖಾನನು 1783ರ ಜನವರಿಯಲ್ಲಿ ಒಪ್ಪಿಸಿಕೊಟ್ಟದ್ದರಿಂದ ಅಲ್ಲಿ ಆ ರೂಢಿಗೆ ಕೆಲಸ ಬೀಳಲಿಲ್ಲ, ಆನಂದಪುರವು ಎದುರುನಿಂತಿತು. ಫೆಬ್ರವರಿಯಲ್ಲಿ ಕೋಟೆಗೆ ಲಗ್ಗೆಯಾಗಿ ಒಳಗಿದ್ದ ಯೋಧರು ಕತ್ತಿಗೆ ಆಹುತಿಯಾದರು.

ಇತ್ತ ಬಿದನೂರಿನ ಭಂಡಾರದ ವಿಷಯದಲ್ಲಿ ಗೆದ್ದವರೊಳಗೇ ಜಗಳ ಹುಟ್ಟಿ, ಮ್ಯಾಕ್ಲಿಯಾಡ್, ಹಂಬರ್‌ಸ್ಟನ್, ಶಾ ಎಂಬ ಮೂವರು ಹಿರಿಯ ಅಧಿಕಾರಿಗಳು ದೂರು ಹೊತ್ತು ಮುಂಬಯಿಗೆ ಹೊರಟುಹೋದರು. ಅಷ್ಟರಲ್ಲಿ ಟಿಪ್ಪು ಬಂದು ಮುತ್ತಿದನು. ಏಪ್ರಿಲ್ ಕಡೆಯಲ್ಲಿ ಮ್ಯಾಥ್ಯೂಸನು, ಭಂಡಾರವನ್ನು ಒಪ್ಪಿಸಿ ಕರಾವಳಿಗೆ ಹೊರಟುಹೋಗುವ ಕರಾರಿನ ಮೇಲೆ ಶರಣಾದನು. ಆದರೆ ಭಂಡಾರದ ಹಣವು ಅಧಿಕಾರಿಗಳ ಕೈಗೆ ಹೋಗಿತ್ತೆಂದೂ, ಆದ್ದರಿಂದ ಕರಾರು ಮುರಿಯಿತೆಂದೂ ಹೇಳಿ ಟಿಪ್ಪು ಆ ಸೇನೆಯನ್ನೆಲ್ಲ ಸೆರೆಹಿಡಿದನು. ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಬಂದಿಖಾನೆಯಲ್ಲಿ ಸತ್ತನು.

ಮುಂದಿನ ಕಲಹ ನಡೆದದ್ದು ಲಂಡನ್ನಿನ ಅಚ್ಚಿನಲ್ಲಿ. ಆನಂದಪುರದಲ್ಲಿ ಸ್ತ್ರೀಯರನ್ನೂ ಕೊಂದರೆಂದು ‘ಆನ್ಯುಯಲ್ ರಿಜಿಸ್ಟರ್’ ಎಂಬ ವಾರ್ಷಿಕ ಗ್ರಂಥವು ಬರೆಯಲು, ಮುಂಬಯಿ ಸೇನೆಯ ಅಧಿಕಾರಿಗಳು ರೋಷಗೊಂಡು ಅದನ್ನು ಅಲ್ಲಗಳೆದರು. ಗ್ರಂಥವೂ ಬಳಿಕ ಮಾತನ್ನು ಹಿಂತೆಗೆದುಕೊಂಡಿತು. ವಾದವೆಲ್ಲ ಸೈನ್ಯದ ಮಾನದ ಸುತ್ತಲೇ ತಿರುಗಿತು. ಸಾಕ್ಷಿ ಹೇಳಿದವರೂ, ಅಲ್ಲಗಳೆದವರೂ, ಕ್ಷಮಿಸಿದವರೂ ಒಂದೇ ಪಾಳೆಯದವರು. ಆನಂದಪುರದವರನ್ನು ಯಾರೂ ಕೇಳಲಿಲ್ಲ.